ಅರಸನ ಅಂಕಿತ, ಪ್ರಜೆಯ ಮತ

2012ರ ಜುಲೈ 1ರಂದು ಲಿಕ್ಟೆನ್‌ಸ್ಟೈನ್‌ನ ಮತದಾರರ ಮುಂದೆ ಒಂದು ಪ್ರಶ್ನೆಯಿತ್ತು. ಜನಮತಗಣನೆಯಲ್ಲಿ ಗೆದ್ದ ಕಾನೂನನ್ನು ಅಂಕಿತ ಹಾಕದೆ ತಡೆಹಿಡಿಯುವ ಅಧಿಕಾರ ಅರಸನಿಗೆ ಇನ್ನು ಬೇಡ ಎಂದು ಸಂವಿಧಾನವನ್ನು ತಿದ್ದೋಣವೇ? ಮತ ಹಾಕಿದವರಲ್ಲಿ ಶೇ 76ರಷ್ಟು ಜನ ತಿದ್ದುವುದು ಬೇಡ ಎಂದರು. ತಮ್ಮ ತೀರ್ಪನ್ನು ತಡೆಯುವ ಹಕ್ಕು ಅರಸನ ಕೈಯಲ್ಲೇ ಇರಲಿ ಎಂದು ತಾವೇ ಮತ ಕೊಟ್ಟರು. ತಿಳಿಯದೆ ಕೊಟ್ಟ ಮತ ಎನ್ನುವ ಹಾಗಿಲ್ಲ. ತಲಾ ಆದಾಯದಲ್ಲಿ ಜಗತ್ತಿನ ಮೊದಲ ಸಾಲಿನಲ್ಲಿರುವ ಜನ ಇವರು; ಒಂದಲ್ಲ ಒಂದು ವಿಷಯಕ್ಕೆ ಮತ್ತೆಮತ್ತೆ ಮತ ಹಾಕಿ ಪಳಗಿದವರು.

ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವೆ, ರೈನ್ ನದಿಯ ಬಲದಂಡೆಯಲ್ಲಿರುವ ಈ ಸಂಸ್ಥಾನದ ವಿಸ್ತೀರ್ಣ 160 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 40 ಸಾವಿರ. ಅವರಲ್ಲಿ ಮೂರನೇ ಒಂದು ಪಾಲು ವಿದೇಶಿಯರು. ಇದಕ್ಕೆ ಸೇನೆಯಿಲ್ಲ, ವಿಮಾನ ನಿಲ್ದಾಣವಿಲ್ಲ, ಕೇಂದ್ರ ಬ್ಯಾಂಕಿಲ್ಲ. ಚಲಾವಣೆಯಲ್ಲಿರುವುದು ಸ್ವಿಸ್ ಫ್ರಾಂಕ್. ಸುಂಕದ ವ್ಯವಸ್ಥೆಯೂ ಸ್ವಿಸ್ಸರದೇ. ಸಿವಿಲ್ ಕಾನೂನಿನ ಬೇರು ಆಸ್ಟ್ರಿಯಾದ್ದು, ಆಸ್ತಿ ಕಾನೂನಿನ ಬೇರು ಸ್ವಿಟ್ಜರ್ಲೆಂಡಿನದು. ನ್ಯಾಯಪೀಠಗಳಲ್ಲಿ ಈ ಎರಡೂ ದೇಶಗಳ ನ್ಯಾಯಾಧೀಶರು ಕೂರುತ್ತಾರೆ. ದೀರ್ಘ ಶಿಕ್ಷೆಯಾದ ಕೈದಿಗಳನ್ನು ಇರಿಸುವುದು ಆಸ್ಟ್ರಿಯಾದ ಜೈಲಿನಲ್ಲಿ. ಹೀಗೆ ಒಂದೊಂದನ್ನೇ ಕಳೆಯುತ್ತ ಹೋದರೆ ದೇಶವೆಂದು ಉಳಿಯುವುದೇನು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಉಳಿಯುವುದು ಒಪ್ಪಂದ ಮಾಡಿಕೊಳ್ಳುವ ಹಕ್ಕು ಎಂಬುದು ನನ್ನ ಉತ್ತರ. ಲಿಕ್ಟೆನ್‌ಸ್ಟೈನ್ ತನ್ನ ಸಾರ್ವಭೌಮತ್ವವನ್ನು ತುಂಡುತುಂಡಾಗಿ ನೆರೆಯವರಿಗೆ ವಹಿಸಿಕೊಟ್ಟಿದೆ. ಆದರೆ ವಹಿಸಿಕೊಡುವ ಕಾಗದಕ್ಕೆ ಸಹಿ ಹಾಕುವ ಕೈಯನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. ಆ ಕೈ ಅರಸನದೋ ಪ್ರಜೆಗಳದೋ ಎಂಬ ತಕರಾರು ಮಾತ್ರ ನೂರು ವರ್ಷವಾದರೂ ಬಗೆಹರಿದಿಲ್ಲ.

ಈ ರಾಜ್ಯ ಹುಟ್ಟಿದ್ದೇ ಖರೀದಿ ಪತ್ರದಿಂದ. ಲಿಕ್ಟೆನ್‌ಸ್ಟೈನ್ ಎಂಬುದು ಮೊದಲು ನೆಲದ ಹೆಸರಲ್ಲ, ಮನೆತನದ ಹೆಸರು. ವಿಯೆನ್ನಾದ ಬಳಿಯಿರುವ ಒಂದು ಕೋಟೆಯಿಂದ ಬಂದದ್ದು. ಮೊರಾವಿಯಾ, ಬೊಹೀಮಿಯಾ, ಕೆಳ ಆಸ್ಟ್ರಿಯಾಗಳಲ್ಲಿ ಈ ಮನೆತನಕ್ಕೆ ಅಪಾರ ಭೂಮಿಯಿತ್ತು, ಅರಮನೆಗಳಿದ್ದವು, 1608ರಿಂದ ರಾಜಪದವಿಯೂ ಇತ್ತು. ಇಷ್ಟಿದ್ದರೂ ಪವಿತ್ರ ರೋಮನ್ ಸಾಮ್ರಾಜ್ಯದ ಮಹಾಸಭೆಯಲ್ಲಿ ರಾಜರ ಸಾಲಿನಲ್ಲಿ ಹಕ್ಕಿನ ಪೀಠವಿರಲಿಲ್ಲ. ಅವರ ಭೂಮಿಯೆಲ್ಲ ಹಾಬ್ಸ್‌ಬರ್ಗ್ ದೊರೆಗಳ ಅಡಿಯಲ್ಲಿತ್ತು. ಆ ಪೀಠ ಸಿಗಬೇಕಾದರೆ ನಡುವೆ ಇನ್ನೊಬ್ಬ ಒಡೆಯನಿಲ್ಲದ, ನೇರವಾಗಿ ಚಕ್ರವರ್ತಿಗೇ ಸೇರಿದ ನೆಲ ಕೈಯಲ್ಲಿರಬೇಕಿತ್ತು. ಅಂಥ ನೆಲ ಮಾರಾಟಕ್ಕೆ ಬರುವುದೇ ಅಪರೂಪ.

ಅಂಥದೊಂದು ಬಂತು, ಅದೂ ಕರಾಳ ಕಾರಣದಿಂದ. ರೈನ್ ಕಣಿವೆಯ ವಾಡೂಜ್ ಮತ್ತು ಶೆಲೆನ್‌ಬರ್ಗ್ ಸೀಮೆಗಳನ್ನು ಆಳುತ್ತಿದ್ದ ಹೋಹೆನೆಮ್ಸ್ ಮನೆತನ ಸಾಲದಲ್ಲಿ ಮುಳುಗಿತ್ತು. 17ನೇ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಮಾಟಗಾತಿಯರೆಂದು ಆಪಾದಿಸಿ ಜನರನ್ನು ಸಾಲುಸಾಲಾಗಿ ಕೊಲ್ಲಿಸಲಾಯಿತು. ಸತ್ತವರ ಆಸ್ತಿ ಒಡೆಯನ ಪಾಲಾಗುತ್ತಿತ್ತು. ದೂರು ಚಕ್ರವರ್ತಿಯವರೆಗೂ ಹೋಯಿತು. ಕೆಂಪ್ಟನ್ ಮಠದ ಅಧಿಪತಿಯ ನೇತೃತ್ವದಲ್ಲಿ ವಿಚಾರಣೆ ನಡೆದು ವಾಡೂಜ್‌ನ ಕೌಂಟ್‌ನ ಅಧಿಕಾರ ಕಿತ್ತುಕೊಳ್ಳಲಾಯಿತು. ಕೊನೆಗೆ ನೆಲ ಮಾರುವುದೊಂದೇ ದಾರಿಯಾಗಿ ಉಳಿಯಿತು. ಯೋಹಾನ್ ಆಡಮ್ ಆಂಡ್ರೆಯಾಸ್ 1699ರಲ್ಲಿ ಶೆಲೆನ್‌ಬರ್ಗ್ ಸೀಮೆಯನ್ನು 1,15,000 ಗಿಲ್ಡರ್‌ಗೂ 1712ರಲ್ಲಿ ವಾಡೂಜ್ ಸೀಮೆಯನ್ನು 2,90,000 ಗಿಲ್ಡರ್‌ಗೂ ಕೊಂಡ. 1719ರ ಜನವರಿ 23ರಂದು ಚಕ್ರವರ್ತಿ ಆರನೇ ಚಾರ್ಲ್ಸ್ ಎರಡನ್ನೂ ಒಂದುಗೂಡಿಸಿ, ಆಂಟನ್ ಫ್ಲೋರಿಯನ್‌ಗಾಗಿ ಲಿಕ್ಟೆನ್‌ಸ್ಟೈನ್ ಎಂಬ ಸಂಸ್ಥಾನವೆಂದು ಘೋಷಿಸಿದ. ಮನೆತನದ ಹೆಸರು ನೆಲಕ್ಕೆ ಬಂತು.

ಅರಸನಿಗೆ ಬೇಕಿದ್ದುದು ಪೀಠ, ಅದು ಸಿಕ್ಕಿತು. ಜನರ ಗೋಜು ಅವನಿಗೆ ಬೇಕಿರಲಿಲ್ಲ. ಆಳುವ ಅರಸನೊಬ್ಬ ತನ್ನದೇ ರಾಜ್ಯಕ್ಕೆ ಮೊದಲ ಬಾರಿ ಕಾಲಿಟ್ಟದ್ದು 1842ರಲ್ಲಿ. ಅವನು ಎರಡನೇ ಅಲೋಯ್ಸ್. ಅಲ್ಲಿಯವರೆಗೆ ನೂರಕ್ಕೂ ಹೆಚ್ಚು ವರ್ಷ ವಿಯೆನ್ನಾದಿಂದ ಅಧಿಕಾರಿ ಬರುತ್ತಿದ್ದ, ತೆರಿಗೆ ಎತ್ತುತ್ತಿದ್ದ. ಇಂದು ಸಂಸತ್ತಿನ 25 ಸ್ಥಾನಗಳಲ್ಲಿ 15 ಮೇಲ್ಸೀಮೆಗೆ, 10 ಕೆಳಸೀಮೆಗೆ ಹಂಚಿಕೆಯಾಗಿರುವುದು ಆ ಎರಡು ಖರೀದಿಗಳ ಗುರುತೇ. 1712ರಲ್ಲಿ ಕೊಂಡ ವಾಡೂಜ್ ಮೇಲ್ಸೀಮೆ, 1699ರಲ್ಲಿ ಕೊಂಡ ಶೆಲೆನ್‌ಬರ್ಗ್ ಕೆಳಸೀಮೆ. ಐವರ ಸರ್ಕಾರದಲ್ಲಿ ಎರಡೂ ಸೀಮೆಗಳಿಂದ ತಲಾ ಇಬ್ಬರಾದರೂ ಇರಲೇಬೇಕೆಂಬ ನಿಯಮವೂ ಅದೇ ಮೂಲದ್ದು.

19ನೇ ಶತಮಾನದ ಕಥೆಯನ್ನು ಬೇಗ ಹೇಳಬಹುದು. 1806ರಲ್ಲಿ ನೆಪೋಲಿಯನ್ ರೈನ್ ಒಕ್ಕೂಟ ಕಟ್ಟಿದಾಗ ಲಿಕ್ಟೆನ್‌ಸ್ಟೈನ್ ಅದರಲ್ಲಿ ಸೇರಿ ಸಾರ್ವಭೌಮ ರಾಜ್ಯವೆನಿಸಿತು. 1815ರಲ್ಲಿ ಜರ್ಮನ್ ಒಕ್ಕೂಟ ಸೇರಿತು. 1866ರಲ್ಲಿ ಆ ಒಕ್ಕೂಟ ಒಡೆದುಹೋದಾಗ ಬಿಸ್ಮಾರ್ಕ್‌ನ ಜರ್ಮನಿಗೂ ಸೇರದೆ, ಆಸ್ಟ್ರಿಯಾದಲ್ಲೂ ಕರಗದೆ ಹೊರಗುಳಿಯಿತು. 1868ರಲ್ಲಿ ತನ್ನ 80 ಜನರ ಸೇನೆಯನ್ನು ವಿಸರ್ಜಿಸಿತು, ಮತ್ತೆಂದೂ ಕಟ್ಟಲಿಲ್ಲ. ಅಷ್ಟರಲ್ಲಿ 1852ರ ಸುಂಕದ ಒಪ್ಪಂದದಿಂದ ಅದರ ಆರ್ಥಿಕತೆ ಆಸ್ಟ್ರಿಯಾದ ಜೊತೆ ಹೆಣೆದುಕೊಂಡಿತ್ತು. 1862ರ ಸಂವಿಧಾನ ಜನರಿಗೊಂದು ಸಭೆಯನ್ನು ಕೊಟ್ಟಿತು, ಅಧಿಕಾರ ಅರಸನಲ್ಲೇ ಉಳಿಯಿತು.

ನಿಜವಾದ ತಿರುವು ಬಂದದ್ದು ಮೊದಲ ಮಹಾಯುದ್ಧದ ಕೊನೆಗೆ. ಆಸ್ಟ್ರಿಯಾ ಸೋತು ಚೂರಾಯಿತು, ಅದರ ಹಣಕ್ಕೆ ಬೆಲೆ ಇಲ್ಲವಾಯಿತು, ಕಣಿವೆಯ ಜನರ ಉಳಿತಾಯ ಕರಗಿಹೋಯಿತು. 1918ರ ನವೆಂಬರ್‌ನಲ್ಲಿ ವಿಯೆನ್ನಾದಿಂದ ಬಂದಿದ್ದ ಆಡಳಿತಾಧಿಕಾರಿಯನ್ನು ಸ್ಥಳೀಯ ನಾಯಕರು ಕೆಳಗಿಳಿಸಿದರು. ಲಿಕ್ಟೆನ್‌ಸ್ಟೈನನ್ನು ಆಳುವವರು ಅಲ್ಲಿಯವರೇ ಆಗಿರಬೇಕೆಂಬ ಕೂಗು ಎದ್ದಿತು. ಅದರ ಮುಂದಾಳುಗಳಲ್ಲಿ ಒಬ್ಬನಾದ ವಕೀಲ ವಿಲ್ಹೆಲ್ಮ್ ಬೆಕ್ ಜ್ಯೂರಿಕ್‌ನಲ್ಲಿ ಕಾನೂನು ಓದಿದವನು. ಸ್ವಿಸ್ ಹಳ್ಳಿಗರು ಕಾನೂನುಗಳ ಮೇಲೆ ತಾವೇ ಮತ ಹಾಕುವುದನ್ನು ಬಲ್ಲವನು. 1920ರ ಸೆಪ್ಟೆಂಬರ್‌ನಲ್ಲಿ ವಾಡೂಜ್ ಕೋಟೆಯಲ್ಲಿ ಅರಸನ ಕಡೆಯವರೂ ಬೆಕ್‌ನ ಪಕ್ಷದವರೂ ಕೂತು ಒಪ್ಪಂದಕ್ಕೆ ಬಂದರು. 1921ರ ಅಕ್ಟೋಬರ್ 5ರ ಸಂವಿಧಾನ ಅದರ ಫಲ. ರಾಜ್ಯಾಧಿಕಾರ ಅರಸ ಮತ್ತು ಪ್ರಜೆ ಇಬ್ಬರಲ್ಲೂ ನೆಲೆಸಿದೆ ಎಂದು ಅದು ಸಾರುತ್ತದೆ. ಯುರೋಪಿನ ಉಳಿದ ಸಂಸ್ಥಾನಗಳಲ್ಲಿ ಬಹುತೇಕ ಕಡೆ ಅರಸ ಒಂದೋ ಹೊರಟುಹೋದ, ಇಲ್ಲವೇ ಹೆಸರಿಗಷ್ಟೇ ಉಳಿದ. ಇಲ್ಲಿ ಪಾಲುದಾರನಾದ. ಇಬ್ಬರು ಪಾಲುದಾರರ ಮಾತು ಬೇರೆಬೇರೆಯಾದರೆ ಕೊನೆಯ ಮಾತು ಯಾರದು? ಅಂದು ಅದನ್ನು ಖಚಿತವಾಗಿ ಬರೆದಿಡಲಿಲ್ಲ.

ಅದೇ ವರ್ಷಗಳಲ್ಲಿ ದೇಶ ಮುಖವನ್ನು ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸಿತು. 1919ರಲ್ಲಿ ಆಸ್ಟ್ರಿಯಾದ ಜೊತೆಗಿನ ಸುಂಕದ ಒಪ್ಪಂದ ಮುಗಿಸಿ, ವಿದೇಶಗಳಲ್ಲಿ ತನ್ನ ಪರವಾಗಿ ನಿಲ್ಲುವಂತೆ ಸ್ವಿಟ್ಜರ್ಲೆಂಡನ್ನು ಕೇಳಿಕೊಂಡಿತು. 1923ರಲ್ಲಿ ಸಹಿಯಾದ ಸ್ವಿಸ್ ಸುಂಕದ ಒಪ್ಪಂದ 1924ರ ಜನವರಿ 1ರಿಂದ ಜಾರಿಗೆ ಬಂತು. ಈ ನಡುವೆ, 1920ರಲ್ಲಿ, ಲೀಗ್ ಆಫ್ ನೇಷನ್ಸ್‌ಗೆ ಹಾಕಿದ ಅರ್ಜಿ ತಿರಸ್ಕಾರಗೊಂಡಿತು. ಸಾರ್ವಭೌಮತ್ವದ ಹಲವು ಕೆಲಸಗಳನ್ನು ಬೇರೆಯವರಿಗೆ ವಹಿಸಿಕೊಟ್ಟಿರುವ, ಸೇನೆಯಿಲ್ಲದ ಈ ರಾಜ್ಯ ಸದಸ್ಯತ್ವದ ಹೊಣೆ ಹೊರಲಾರದು ಎಂಬುದು ಕೊಟ್ಟ ಕಾರಣ. ಇದೇ ರಾಜ್ಯ, ಇದೇ ವ್ಯವಸ್ಥೆಗಳನ್ನಿಟ್ಟುಕೊಂಡು, 70 ವರ್ಷದ ನಂತರ 1990ರಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರವಾಯಿತು. ಲಿಕ್ಟೆನ್‌ಸ್ಟೈನ್ ಅಷ್ಟೇನೂ ಬದಲಾಗಿರಲಿಲ್ಲ. ಯಾವುದು ರಾಜ್ಯ ಎಂಬ ಜಗತ್ತಿನ ಎಣಿಕೆ ಬದಲಾಗಿತ್ತು.

ಎರಡನೇ ಮಹಾಯುದ್ಧದ ಕಾಲವನ್ನು ಹೀಗೆ ದಾಟಿಹೋಗಲಾಗದು. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ನಾತ್ಸಿ ಸಾಮ್ರಾಜ್ಯದ ಗಡಿ ಲಿಕ್ಟೆನ್‌ಸ್ಟೈನ್‌ನ ಹೊಸ್ತಿಲಿಗೇ ಬಂತು. ಅದೇ ವರ್ಷ ಪಟ್ಟಕ್ಕೆ ಬಂದ ಎರಡನೇ ಫ್ರಾನ್ಸ್ ಯೋಸೆಫ್ ವಿಯೆನ್ನಾ ಬಿಟ್ಟು ವಾಡೂಜ್‌ನಲ್ಲೇ ನೆಲೆಸಿದ; ಹಾಗೆ ನೆಲೆಸಿದ ಮೊದಲ ಅರಸ ಅವನೇ. ಕಚ್ಚಾಡುತ್ತಿದ್ದ ಎರಡು ಪಕ್ಷಗಳು ಸೇರಿ ಸರ್ಕಾರ ಮಾಡಿದವು. ಆ ಕೂಡುಸರ್ಕಾರ 1997ರವರೆಗೂ ನಡೆಯಿತು. 1939ರ ಮಾರ್ಚ್ 24ರಂದು ಸ್ಥಳೀಯ ನಾತ್ಸಿಗಳು ವಾಡೂಜ್ ಕಡೆಗೆ ದಂಡುಕಟ್ಟಿ ಹೊರಟರು. ಗಲಭೆ ಎಬ್ಬಿಸಿ, ಅದನ್ನೇ ನೆಪ ಮಾಡಿ ಗಡಿಯಾಚೆಯಿಂದ ಜರ್ಮನ್ನರನ್ನು ಕರೆಸಿಕೊಳ್ಳುವುದು ಉಪಾಯ. ದಾರಿಯಲ್ಲೇ ಅವರನ್ನು ತಡೆಯಲಾಯಿತು, ಆಚೆಯಿಂದ ಯಾರೂ ಬರಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ, 1945ರ ಮೇ 2ರ ರಾತ್ರಿ, ಹಿಂಟರ್‌ಶೆಲೆನ್‌ಬರ್ಗ್‌ನ ಗಡಿಯಲ್ಲಿ ಸುಮಾರು 500 ರಷ್ಯನ್ನರು ಒಳನುಗ್ಗಿದರು. ಜನರಲ್ ಬೋರಿಸ್ ಸ್ಮಿಸ್ಲೋವ್ಸ್ಕಿಯ ಪಡೆಯದು. ಜರ್ಮನಿಯ ಪರವಾಗಿ ಸೋವಿಯತ್ ಒಕ್ಕೂಟದ ವಿರುದ್ಧ ಹೋರಾಡಿದವರು. ಅವರನ್ನು ಒಪ್ಪಿಸಿ ಎಂದು ಸೋವಿಯತ್ ನಿಯೋಗ ವಾಡೂಜ್‌ಗೇ ಬಂತು. ದೊಡ್ಡದೊಡ್ಡ ವಿಜೇತ ರಾಷ್ಟ್ರಗಳೇ ಅಂಥವರನ್ನು ಸಾವಿರಗಟ್ಟಲೆ ಹಿಡಿದು ಸ್ಟಾಲಿನ್‌ಗೆ ಒಪ್ಪಿಸುತ್ತಿದ್ದ ಕಾಲ. 12 ಸಾವಿರ ಜನರ ಈ ಬಡ ದೇಶ, ಇಷ್ಟವಿಲ್ಲದವರನ್ನು ಬಲವಂತವಾಗಿ ಕಳಿಸುವುದಿಲ್ಲ ಎಂದು ಪಟ್ಟುಹಿಡಿಯಿತು. ಸುಮಾರು 200 ಮಂದಿ ತಾವಾಗಿ ಹಿಂದಿರುಗಿದರು. ಉಳಿದವರಲ್ಲಿ ಹೆಚ್ಚಿನವರು 1947ರಲ್ಲಿ ಅರ್ಜೆಂಟೀನಾಕ್ಕೆ ಹೊರಟರು. ಅದುವರೆಗೆ ಅವರಿಗೆ ಊಟ, ವಸತಿ ಕೊಟ್ಟದ್ದು ಈ ಕಣಿವೆಯ ಜನ. ಹಿಂಟರ್‌ಶೆಲೆನ್‌ಬರ್ಗ್‌ನಲ್ಲಿ ಅದರ ನೆನಪಿಗೊಂದು ಸ್ಮಾರಕವಿದೆ. ಈ ದೇಶದ ವಿದೇಶಾಂಗ ನೀತಿ ಎಂದರೆ ನನಗೆ ಮೊದಲು ನೆನಪಾಗುವುದು ಈ ನಿರಾಕರಣೆ. ಇದರ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ಸತ್ಯವೂ ಇದೆ. 2001ರಲ್ಲಿ ಸರ್ಕಾರ ನೇಮಿಸಿದ ಇತಿಹಾಸಕಾರರ ಆಯೋಗ 2005ರಲ್ಲಿ ವರದಿ ಕೊಟ್ಟಿತು. ಗಡಿಗೆ ಬಂದ ಯಹೂದಿ ನಿರಾಶ್ರಿತರಲ್ಲಿ ಕೆಲವರನ್ನು ಹಿಂದಕ್ಕೆ ಕಳಿಸಿದ್ದನ್ನೂ, ಆಸ್ಟ್ರಿಯಾದಲ್ಲಿದ್ದ ಅರಸುಮನೆತನದ ಎಸ್ಟೇಟುಗಳಲ್ಲಿ ಶ್ಟ್ರಾಸ್‌ಹೋಫ್ ಶಿಬಿರದ ಹಂಗೇರಿಯನ್ ಯಹೂದಿಗಳನ್ನು ಬಿಟ್ಟಿ ದುಡಿಸಿಕೊಂಡದ್ದನ್ನೂ ಅದು ದಾಖಲಿಸಿದೆ.

ಯುದ್ಧಾನಂತರದ ಸಿರಿವಂತಿಕೆ ಎಲ್ಲಿಂದ ಬಂತು? ಬ್ಯಾಂಕು, ಟ್ರಸ್ಟುಗಳಿಂದ ಎಂದು ಹೊರಗಿನವರು ಥಟ್ಟನೆ ಹೇಳುತ್ತಾರೆ. ಅದು ಅರ್ಧ ಸತ್ಯ. ವಿಲ್ಹೆಲ್ಮ್ ಬೆಕ್ ಮತ್ತು ಎಮಿಲ್ ಬೆಕ್ ರೂಪಿಸಿದ 1926ರ ಕಂಪನಿ ಕಾನೂನು ಪ್ರತಿಷ್ಠಾನಗಳನ್ನೂ ಕಾಗದದ ಸಂಸ್ಥೆಗಳನ್ನೂ ಸುಲಭವಾಗಿ ತೆರೆಯಲು ದಾರಿ ಮಾಡಿತು; ಹೊರದೇಶದ ಹಣ ಅದರ ಮೂಲಕ ಹರಿದುಬಂತು. ಆದರೆ ಶಾನ್ ಊರಿನಲ್ಲಿ 1941ರಲ್ಲಿ ಶುರುವಾದ ಹಿಲ್ಟಿ ಕಂಪನಿಯ ಡ್ರಿಲ್ಲಿಂಗ್ ಯಂತ್ರಗಳು ಇಂದು ಜಗತ್ತಿನ ಕಟ್ಟಡ ಕಾಮಗಾರಿಗಳಲ್ಲೆಲ್ಲ ಕಾಣುತ್ತವೆ. ಅದೇ ಊರಿನ ಇವೊಕ್ಲಾರ್ ಕೃತಕ ಹಲ್ಲು ಮಾಡಿ ಮಾರುತ್ತದೆ. ದೇಶದಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದಿನ ಬೆಳಗಾದರೆ ಗಡಿ ದಾಟಿ ಬಂದು ಸಂಜೆ ಮನೆಗೆ ಮರಳುವವರು. ಅರಸುಮನೆತನವೂ ಇದೇ ಕಾಲದಲ್ಲಿ ಚೇತರಿಸಿಕೊಂಡಿತು. 1945ರಲ್ಲಿ ಚೆಕೊಸ್ಲೊವಾಕಿಯಾ ಅಲ್ಲಿದ್ದ ಅದರ ಆಸ್ತಿಯನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಾಗ ಕೈಯಲ್ಲಿ ಉಳಿದದ್ದರಲ್ಲಿ ಮುಖ್ಯವಾದದ್ದು ಚಿತ್ರಸಂಗ್ರಹ. 1967ರಲ್ಲಿ ಲಿಯೊನಾರ್ದೊ ಡ ವಿಂಚಿಯ ಜಿನೇವ್ರಾ ಡೆ ಬೆಂಚಿ ಚಿತ್ರವನ್ನೂ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಮಾರಬೇಕಾಯಿತು. ಇಂದು ಮನೆತನದ ಕೈಯಲ್ಲಿ ಎಲ್‌ಜಿಟಿ ಬ್ಯಾಂಕಿದೆ. ಅರಮನೆಯ ಖರ್ಚು ಬಹುಮಟ್ಟಿಗೆ ಜನರ ತೆರಿಗೆಯಿಂದ ನಡೆಯುವುದಿಲ್ಲ. ಅರಸನ ರಾಜಕೀಯ ಬಲವನ್ನು ತೂಗುವಾಗ ಈ ಸ್ವಾವಲಂಬನೆಯನ್ನು ಮರೆಯಬಾರದು. ಸಂಸತ್ತು ಕೈಬಿಗಿ ಹಿಡಿದು ಅವನನ್ನು ಮಣಿಸಲಾರದು.

ಆಡಳಿತದ ಒಳಗನ್ನು ನೋಡೋಣ. ಸಂಸತ್ತಿನ ಹೆಸರು ಲಾಂಡ್‌ಟಾಗ್. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ; ಸದಸ್ಯರು ತಮ್ಮ ತಮ್ಮ ಉದ್ಯೋಗ ಮಾಡಿಕೊಂಡೇ ಸಭೆಗೆ ಬರುವವರು. ಸರ್ಕಾರವನ್ನು ಲಾಂಡ್‌ಟಾಗ್ ಸೂಚಿಸುತ್ತದೆ, ಅರಸ ನೇಮಿಸುತ್ತಾನೆ. ಕೆಂಪು ಬಣ್ಣದ ದೇಶಭಕ್ತ ಒಕ್ಕೂಟ ಮತ್ತು ಕಪ್ಪು ಬಣ್ಣದ ಪ್ರಗತಿಪರ ನಾಗರಿಕ ಪಕ್ಷ ದಶಕಗಳಿಂದ ಅಧಿಕಾರ ಹಂಚಿಕೊಂಡಿವೆ. 2025ರ ಫೆಬ್ರುವರಿ ಚುನಾವಣೆಯಲ್ಲಿ ಅವಕ್ಕೆ ಕ್ರಮವಾಗಿ 10 ಮತ್ತು 7 ಸ್ಥಾನ ಬಂದವು, ಬಲಕ್ಕೆ ವಾಲಿದ ಡೆಮಾಕ್ರಟರು 6ಕ್ಕೆ ಏರಿದರು. ಬ್ರಿಗಿಟೆ ಹಾಸ್ ದೇಶದ ಮೊದಲ ಮಹಿಳಾ ಪ್ರಧಾನಿಯಾದರು.

ಆ ಕೊನೆಯ ವಾಕ್ಯದ ಹಿಂದೆ ಉದ್ದನೆಯ ಕಾಯುವಿಕೆ ಇದೆ. ಇಲ್ಲಿ 1,000 ಮತದಾರರ ಸಹಿ ಸಿಕ್ಕಿದರೆ ಲಾಂಡ್‌ಟಾಗ್ ಒಪ್ಪಿದ ಕಾನೂನನ್ನು ಜನರ ಮುಂದೆ ತರಬಹುದು; ಸಂವಿಧಾನದ ವಿಷಯಕ್ಕೂ ವಿದೇಶಿ ಒಪ್ಪಂದಕ್ಕೂ 1,500 ಸಹಿ ಬೇಕು. ಇಷ್ಟು ಅಗಲವಾದ ಬಾಗಿಲು ಹೆಂಗಸರಿಗೆ ಮುಚ್ಚಿತ್ತು. ಅವರಿಗೆ ಮತದಾನದ ಹಕ್ಕು ಕೊಡಲು ಗಂಡಸರು 1971ರಲ್ಲೂ 1973ರಲ್ಲೂ ಒಪ್ಪಲಿಲ್ಲ. 1984ರ ಜುಲೈ 1ರಂದು ಒಪ್ಪಿದರು: ಪರವಾಗಿ 2,370 ಮತ, ವಿರುದ್ಧ 2,251. ಅಂತರ 119. ಯುರೋಪಿನಲ್ಲಿ ಎಲ್ಲರಿಗಿಂತ ಕೊನೆಗೆ ಈ ಹಕ್ಕು ಪಡೆದವರು ಲಿಕ್ಟೆನ್‌ಸ್ಟೈನ್‌ನ ಹೆಂಗಸರು. ಎರಡು ವರ್ಷದ ನಂತರ ಎಮ್ಮಾ ಐಗೆನ್‌ಮನ್ ಲಾಂಡ್‌ಟಾಗ್ ಪ್ರವೇಶಿಸಿದರು. ನೇರ ಪ್ರಜಾಪ್ರಭುತ್ವವನ್ನು ಕೊಂಡಾಡುವವರು ಈ ಅಂಕಿಗಳನ್ನೂ ಓದಬೇಕು. ಯಾರು ಮತದಾರ ಎಂಬುದನ್ನು ಈಗಾಗಲೇ ಮತದಾರರಾದವರೇ ತೀರ್ಮಾನಿಸುವಾಗ ಹೊರಗಿದ್ದವರು ತಲೆಮಾರುಗಟ್ಟಲೆ ಹೊರಗೇ ಉಳಿಯುತ್ತಾರೆ. ಪಟ್ಟದ ಹಕ್ಕಂತೂ ಇಂದಿಗೂ ಗಂಡುಮಕ್ಕಳಿಗೆ ಮಾತ್ರ. ಅದು ಮನೆತನದ ಕಟ್ಟಳೆ, ಜನಮತಕ್ಕೆ ಬರುವುದೇ ಇಲ್ಲ.

ಅರಸ ಮತ್ತು ಪ್ರಜೆಗಳ ಪಾಲುದಾರಿಕೆಯಲ್ಲಿ ಬಿರುಕು ಕಂಡದ್ದು ಎರಡನೇ ಹಾನ್ಸ್-ಆಡಮ್ 1989ರಲ್ಲಿ ಪಟ್ಟಕ್ಕೆ ಬಂದ ಮೇಲೆ. 1992ರಲ್ಲಿ ಯುರೋಪಿಯನ್ ಆರ್ಥಿಕ ವಲಯ ಸೇರುವ ಪ್ರಶ್ನೆ ಬಂತು. ಸ್ವಿಟ್ಜರ್ಲೆಂಡಿನ ಮತದಾನಕ್ಕೂ ಮೊದಲೇ ನಮ್ಮ ಮತದಾನ ನಡೆಯಲಿ ಎಂದು ಅರಸರ ಹಟ. ನಂತರ ನಡೆಯಲಿ ಎಂದು ಸರ್ಕಾರ, ಸಂಸತ್ತುಗಳ ನಿಲುವು. ಸರ್ಕಾರವನ್ನು ವಜಾ ಮಾಡುವ, ಲಾಂಡ್‌ಟಾಗ್ ವಿಸರ್ಜಿಸುವ ಮಾತು ಬಂದಾಗ, ಅಕ್ಟೋಬರ್ 28ರಂದು ಸುಮಾರು 2,000 ಜನ ಸರ್ಕಾರಿ ಭವನದ ಮುಂದೆ ಸೇರಿದರು. ಆಗಿನ ಜನಸಂಖ್ಯೆ 30 ಸಾವಿರದ ಆಸುಪಾಸಿನಲ್ಲಿತ್ತು ಎಂಬುದನ್ನು ನೆನೆದರೆ ಆ ಜಮಾವಣೆಯ ತೂಕ ತಿಳಿಯುತ್ತದೆ. ರಾಜಿಯಾಯಿತು: ದಿನಾಂಕ ಸರ್ಕಾರ ಹೇಳಿದ್ದೇ ನಿಂತಿತು, ಒಪ್ಪಂದದ ಪರ ದುಡಿಯುವುದಾಗಿ ಸರ್ಕಾರವೂ ಮಾತು ಕೊಟ್ಟಿತು.

ಎರಡನೆಯ ಪ್ರಸಂಗ ಇದಕ್ಕಿಂತ ಗಂಭೀರ ಎಂದು ನನಗೆ ತೋರುತ್ತದೆ. 1995ರ ಫೆಬ್ರುವರಿಯಲ್ಲಿ ಆಡಳಿತ ನ್ಯಾಯಾಲಯದ ಅಧ್ಯಕ್ಷ ಹರ್ಬರ್ಟ್ ವಿಲ್ಲೆ ಒಂದು ಸಾರ್ವಜನಿಕ ಉಪನ್ಯಾಸ ಕೊಟ್ಟರು. ಸಂವಿಧಾನದ ಅರ್ಥದ ಬಗ್ಗೆ ಅರಸನಿಗೂ ಸಂಸತ್ತಿಗೂ ಭಿನ್ನಮತ ಬಂದರೆ ತೀರ್ಪು ಕೊಡುವ ಅಧಿಕಾರ ಸಂವಿಧಾನ ನ್ಯಾಯಾಲಯಕ್ಕಿದೆ ಎಂದರು. ಅರಸರಿಂದ ಪತ್ರ ಬಂತು: ಇನ್ನು ಮುಂದೆ ನಿಮ್ಮನ್ನು ಯಾವ ಸಾರ್ವಜನಿಕ ಹುದ್ದೆಗೂ ನೇಮಿಸುವುದಿಲ್ಲ ಎಂಬ ತಾತ್ಪರ್ಯ. ಅವಧಿ ಮುಗಿದಾಗ ಲಾಂಡ್‌ಟಾಗ್ ವಿಲ್ಲೆಯವರನ್ನೇ ಮತ್ತೆ ಸೂಚಿಸಿತು, ಅರಸರು ಒಪ್ಪಲಿಲ್ಲ. ವಿಲ್ಲೆ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಅವರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಭಂಗ ಬಂದಿದೆ ಎಂದು ಆ ನ್ಯಾಯಾಲಯ 1999ರ ಅಕ್ಟೋಬರ್ 28ರಂದು ತೀರ್ಪು ಕೊಟ್ಟಿತು. ಯುರೋಪ್ ಮಂಡಳಿಗೆ 1978ರಲ್ಲಿ ಸೇರಿದ್ದರಿಂದಲೇ ಒಬ್ಬ ಪ್ರಜೆಗೆ ತನ್ನ ಅರಸನ ವಿರುದ್ಧ ಹೀಗೆ ಹೊರಗಿನ ಬಾಗಿಲು ತಟ್ಟಲು ಸಾಧ್ಯವಾಯಿತು.

2003ರ ಮಾರ್ಚ್ 16ರಂದು ನಿರ್ಣಾಯಕ ಮತದಾನ ನಡೆಯಿತು. ಅರಸುಮನೆತನದ ಸಂವಿಧಾನ ಪ್ರಸ್ತಾವ ಗೆಲ್ಲದಿದ್ದರೆ ತಾವು ವಿಯೆನ್ನಾಕ್ಕೆ ಹೊರಟುಹೋಗುವುದಾಗಿ ಹಾನ್ಸ್-ಆಡಮ್ ಹೇಳಿದ್ದರು. ಮಾಜಿ ಪ್ರಧಾನಿ ಮಾರಿಯೊ ಫ್ರಿಕ್ ವಿರೋಧದ ಮುಂಚೂಣಿಯಲ್ಲಿದ್ದರು. ಯುರೋಪ್ ಮಂಡಳಿಯ ಸಂವಿಧಾನ ತಜ್ಞರ ವೆನಿಸ್ ಆಯೋಗ, ಇದು ಪ್ರಜಾಪ್ರಭುತ್ವಕ್ಕೆ ಹಿನ್ನಡೆ ಎಂದು ಮೊದಲೇ ಎಚ್ಚರಿಸಿತ್ತು. ಶೇ 64.3ರಷ್ಟು ಮತಗಳಿಂದ ಅರಸರ ಪ್ರಸ್ತಾವ ಗೆದ್ದಿತು. ಅದರಂತೆ, ಸರ್ಕಾರ ಅರಸನ ವಿಶ್ವಾಸ ಕಳೆದುಕೊಂಡರೆ ಅವನು ಅದನ್ನು ವಜಾ ಮಾಡಬಹುದು. ನ್ಯಾಯಾಧೀಶರನ್ನು ಆರಿಸುವ ಸಮಿತಿಗೆ ಅವನೇ ಅಧ್ಯಕ್ಷ. ಆರು ತಿಂಗಳೊಳಗೆ ಅಂಕಿತ ಬೀಳದ ಮಸೂದೆ ತಿರಸ್ಕೃತವಾದಂತೆ. ಬೇಡ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೂ ಇಲ್ಲ, ಸುಮ್ಮನಿದ್ದರೆ ಸಾಕು.

ಅದೇ ತಿದ್ದುಪಡಿ ಪ್ರಜೆಗಳಿಗೆ ಕೊಟ್ಟದ್ದೂ ಸಣ್ಣದಲ್ಲ. 1,500 ಮಂದಿ ಸಹಿ ಮಾಡಿ ಅರಸನ ಮೇಲೆ ಅವಿಶ್ವಾಸ ಮಂಡಿಸಬಹುದು. ರಾಜಪ್ರಭುತ್ವವನ್ನೇ ರದ್ದುಮಾಡುವ ಪ್ರಕ್ರಿಯೆ ಶುರುಮಾಡಬಹುದು; ಅದಕ್ಕೆ ಅರಸನ ಅಂಕಿತ ಬೇಕಿಲ್ಲ. 11 ಊರುಗಳಲ್ಲಿ ಯಾವುದಾದರೂ ದೇಶದಿಂದ ಬೇರೆಯಾಗಲು ಬಯಸಿದರೆ ಅದಕ್ಕೂ ದಾರಿಯಿದೆ. ಇಂಥ ಹಕ್ಕು ಬೇರೆ ದೇಶಗಳ ಸಂವಿಧಾನಗಳಲ್ಲಿ ಸಿಗುವುದು ತೀರಾ ವಿರಳ. ಆದರೆ ಗಂಟು ಬಿದ್ದಿರುವುದು ಇಲ್ಲೇ. ಪ್ರಜೆಗಳು ಅರಸನನ್ನು ಪೂರ್ತಿ ತೆಗೆದುಹಾಕಬಹುದು. ಅವನ ಅಧಿಕಾರದಲ್ಲಿ ಒಂದಿಷ್ಟನ್ನು ಕಡಿಮೆ ಮಾಡಬೇಕೆಂದರೆ ಮಾತ್ರ ಅವನದೇ ಅಂಕಿತ ಬೇಕು. ಇಟ್ಟುಕೊಂಡರೆ ಹೀಗೆಯೇ ಇಟ್ಟುಕೊಳ್ಳಿ, ಇಲ್ಲವೇ ಬಿಡಿ ಎಂಬ ಏರ್ಪಾಡು. 300 ವರ್ಷದ ನಂಟನ್ನು ಕಡಿದುಹಾಕುವ ಮನಸ್ಸು ಯಾರಿಗೂ ಇಲ್ಲದಿರುವಾಗ ಈ ಹಕ್ಕು ಬಳಕೆಗೆ ಬರುವುದಿಲ್ಲ. ಅರಸನ ಒಪ್ಪಿಗೆಯಿಲ್ಲದೆ ಸಣ್ಣ ತಿದ್ದುಪಡಿಗಳ ದಾರಿಯೂ ಮುಚ್ಚಿದೆ.

2011ರಲ್ಲಿ ಗರ್ಭಪಾತವನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಪ್ರಸ್ತಾವ ಜನರ ಮುಂದೆ ಬಂತು. ತಂದೆಯ ಪರವಾಗಿ 2004ರಿಂದ ಆಡಳಿತ ನಡೆಸುತ್ತಿರುವ ಯುವರಾಜ ಅಲೋಯ್ಸ್, ಅದು ಗೆದ್ದರೂ ತಾವು ಅಂಕಿತ ಹಾಕುವುದಿಲ್ಲ ಎಂದು ಮತದಾನಕ್ಕೆ ಮುನ್ನವೇ ಹೇಳಿಬಿಟ್ಟರು. ಪ್ರಸ್ತಾವ ಶೇ 52.3ರ ವಿರೋಧದಿಂದ ಸೋತಿತು. ಆ ಮಾತು ಬಾರದಿದ್ದರೆ ಫಲಿತಾಂಶ ಏನಾಗುತ್ತಿತ್ತೋ ಹೇಳಲು ಬರುವುದಿಲ್ಲ. ಹೀಗೆ ಬಳಸದೆಯೂ ಕೆಲಸ ಮಾಡುವ ಅಧಿಕಾರವನ್ನು ಮೊಟಕು ಮಾಡಲೆಂದೇ 2012ರ ಮತದಾನ ನಡೆದದ್ದು. ಶೇ 76ರಷ್ಟು ಜನ ಅದನ್ನು ತಳ್ಳಿಹಾಕಿದ್ದು ರಾಜಭಕ್ತಿಯೊಂದರಿಂದಲೇ ಅಲ್ಲ. ಎರಡು ದೊಡ್ಡ ಪಕ್ಷಗಳೂ ಕೈಗಾರಿಕೆಯೂ ಬ್ಯಾಂಕುಗಳೂ ನೆಂಟಸ್ತಿಕೆಯಲ್ಲಿ ಸುತ್ತಿಕೊಂಡಿರುವ ಪುಟ್ಟ ಸಮಾಜದಲ್ಲಿ, ಯಾರ ಹಂಗಿನಲ್ಲೂ ಇಲ್ಲದ ಒಬ್ಬ ಮೇಲಿರಲಿ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಆ ಲೆಕ್ಕವನ್ನು ನಾನು ಗೌರವಿಸುತ್ತೇನೆ, ಒಪ್ಪುವುದಿಲ್ಲ. ಹಂಗಿಲ್ಲದವನು ಉತ್ತರ ಕೊಡಬೇಕಾದ ಹೊಣೆಯಿಂದಲೂ ತಪ್ಪಿಸಿಕೊಂಡರೆ ಪಾಲುದಾರಿಕೆ ಎಂಬ ಮಾತಿಗೆ ಬಲವಿರುವುದಿಲ್ಲ.

ಹೊರಗಿನ ಸಂಬಂಧಗಳಲ್ಲಿ ಲಿಕ್ಟೆನ್‌ಸ್ಟೈನ್ ತೋರಿದ ಜಾಣ್ಮೆ ಬೇರೆಯೇ ತರದ್ದು. 1992ರ ಡಿಸೆಂಬರ್ 6ರಂದು ಸ್ವಿಸ್ ಮತದಾರರು ಆರ್ಥಿಕ ವಲಯ ಬೇಡವೆಂದರು. ಒಂದು ವಾರದ ನಂತರ ಲಿಕ್ಟೆನ್‌ಸ್ಟೈನ್ ಬೇಕೆಂದಿತು. ಸ್ವಿಟ್ಜರ್ಲೆಂಡಿನ ಜೊತೆ ಸುಂಕದ ಗಡಿಯೇ ಇಲ್ಲ, ಈಗ ಯುರೋಪಿನ ಮಾರುಕಟ್ಟೆಯೂ ಬೇಕು. ಸ್ವಿಸ್ಸರ ಜೊತೆ ಹೊಸದಾಗಿ ಮಾತಾಡಿ, 1995ರ ಏಪ್ರಿಲ್‌ನಲ್ಲಿ ಮತ್ತೆ ಜನಮತ ಪಡೆದು, ಮೇ 1ರಂದು ವಲಯ ಸೇರಿತು. ಇದರ ಪರಿಣಾಮವನ್ನು ಅಂಗಡಿಯ ಕಪಾಟಿನಲ್ಲೇ ಕಾಣಬಹುದು. ಸ್ವಿಸ್ ನಿಯಮದ ಸರಕೂ ಯುರೋಪಿನ ನಿಯಮದ ಸರಕೂ ಅಕ್ಕಪಕ್ಕದಲ್ಲಿ ಕಾನೂನುಬದ್ಧವಾಗಿ ಮಾರಾಟಕ್ಕಿರುತ್ತವೆ. ರೈನ್ ಸೇತುವೆಗಳ ಮೇಲೆ ತಪಾಸಣೆಯಿಲ್ಲ. ವಾಡೂಜ್‌ನಿಂದ ಆಚೆದಡದ ಸೆವೆಲೆನ್‌ಗೆ 1901ರ ಮರದ ಸೇತುವೆಯ ಮೇಲೆ ನಡೆದೇ ಹೋಗಬಹುದು. ಹಾಗಾಗಿ ಸ್ವಿಸ್ ನಿಯಮಕ್ಕೆ ಹೊಂದದ ಸರಕು ನದಿ ದಾಟದಂತೆ ಕಾಯಲು ಲಿಕ್ಟೆನ್‌ಸ್ಟೈನ್ ತನ್ನದೇ ನಿಗಾ ವ್ಯವಸ್ಥೆ ಇಟ್ಟುಕೊಂಡಿದೆ. ಎರಡು ಕಾನೂನುಗಳನ್ನು ಒಂದೇ ನೆಲದಲ್ಲಿ ನಡೆಸುವ ಈ ಕಷ್ಟದ ಕೆಲಸವನ್ನು ಅದು 30 ವರ್ಷದಿಂದ ಮಾಡುತ್ತ ಬಂದಿದೆ.

ಜನರ ಮುಕ್ತ ಸಂಚಾರದ ನಿಯಮದಿಂದ ಮಾತ್ರ ಅದು ವಿನಾಯಿತಿ ಪಡೆಯಿತು. ಆರ್ಥಿಕ ವಲಯದ ದೇಶಗಳವರಿಗೆ ವರ್ಷಕ್ಕೆ ಕೊಡುವ ವಾಸದ ಪರವಾನಗಿಗಳು ದುಡಿಯುವವರಿಗೆ 56, ದುಡಿಯದವರಿಗೆ 16. ಅದರಲ್ಲಿ ಅರ್ಧದಷ್ಟನ್ನು ವರ್ಷಕ್ಕೆರಡು ಬಾರಿ ಚೀಟಿ ಎತ್ತಿ ಹಂಚುತ್ತಾರೆ. ಕೆಲಸಕ್ಕೆ ಬನ್ನಿ, ಮಲಗಲು ನಿಮ್ಮ ದೇಶಕ್ಕೆ ಹೋಗಿ ಎಂಬ ಈ ನೀತಿ ನೆರೆಯ ಊರುಗಳ ಮೇಲೆ ಹೊರಿಸುವ ಭಾರದ ಬಗ್ಗೆ ವಾಡೂಜ್‌ನಲ್ಲಿ ಇನ್ನೂ ಹೆಚ್ಚು ಮಾತಾಗಬೇಕು.

ಸೇನೆಯಿಲ್ಲದ ದೇಶ ನ್ಯಾಯಾಲಯಗಳನ್ನೇ ನಂಬಿದೆ, ಎಷ್ಟೋ ಬಾರಿ ಸೋತಿದೆ. ಹ್ಯಾಂಬರ್ಗ್‌ನಲ್ಲಿ ಹುಟ್ಟಿ ಗ್ವಾಟೆಮಾಲಾದಲ್ಲಿ ವ್ಯಾಪಾರ ಮಾಡುತ್ತಿದ್ದ ಫ್ರೆಡ್ರಿಕ್ ನೊಟೆಬೋಮ್ 1939ರಲ್ಲಿ ಲಿಕ್ಟೆನ್‌ಸ್ಟೈನ್‌ನ ಪೌರತ್ವ ಪಡೆದಿದ್ದ. ಅವನ ಪರವಾಗಿ ಗ್ವಾಟೆಮಾಲಾದ ವಿರುದ್ಧ ಹೂಡಿದ ದಾವೆಯಲ್ಲಿ, ನಿಜವಾದ ನಂಟಿಲ್ಲದ ಪೌರತ್ವವನ್ನು ಬೇರೆ ದೇಶ ಮಾನ್ಯ ಮಾಡಬೇಕಿಲ್ಲ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 1955ರಲ್ಲಿ ಹೇಳಿತು. ಅಂತರರಾಷ್ಟ್ರೀಯ ಕಾನೂನು ಓದುವ ನಮ್ಮ ವಿದ್ಯಾರ್ಥಿಗಳಿಗೂ ಈ ಪ್ರಕರಣ ಪರಿಚಿತ. 1945ರ ಮುಟ್ಟುಗೋಲಿನ ವ್ಯಾಜ್ಯವಂತೂ ಒಂದು ಚಿತ್ರದ ಬೆನ್ನುಹತ್ತಿ ಹೋಯಿತು. ಅರಸುಮನೆತನದಿಂದ ಕಿತ್ತುಕೊಂಡಿದ್ದ ಪೀಟರ್ ವಾನ್ ಲಾರ್‌ನ ಒಂದು ಚಿತ್ರ 1991ರಲ್ಲಿ ಬ್ರನೊದಿಂದ ಪ್ರದರ್ಶನಕ್ಕೆಂದು ಕಲೋನ್‌ಗೆ ಬಂದಾಗ ಹಾನ್ಸ್-ಆಡಮ್ ದಾವೆ ಹೂಡಿದರು. ಜರ್ಮನ್ ನ್ಯಾಯಾಲಯಗಳಲ್ಲೂ ಸ್ಟ್ರಾಸ್‌ಬರ್ಗ್‌ನಲ್ಲೂ ಸೋತರು. ಜರ್ಮನಿಯ ವಿರುದ್ಧ ದೇಶವೇ ಹೇಗ್‌ಗೆ ಹೋದಾಗ, ತನಗೆ ಆ ಅಧಿಕಾರವ್ಯಾಪ್ತಿಯಿಲ್ಲ ಎಂದು 2005ರಲ್ಲಿ ನ್ಯಾಯಾಲಯ ಹೇಳಿತು. ಚೆಕ್ ಗಣರಾಜ್ಯ ಮತ್ತು ಸ್ಲೊವಾಕಿಯಾಗಳ ಜೊತೆ ರಾಜತಾಂತ್ರಿಕ ಸಂಬಂಧ ಕುದುರಿದ್ದು 2009ರಲ್ಲಿ. ಆದರೂ 2020ರಲ್ಲಿ ಲಿಕ್ಟೆನ್‌ಸ್ಟೈನ್ ಚೆಕ್ ಗಣರಾಜ್ಯದ ವಿರುದ್ಧ ಸ್ಟ್ರಾಸ್‌ಬರ್ಗ್‌ನಲ್ಲಿ ದೂರು ಕೊಟ್ಟಿತು. ಮನೆತನದ ಆಸ್ತಿಯ ಜಗಳ ಎಲ್ಲಿ ಮುಗಿಯುತ್ತದೆ, ದೇಶದ ಹಿತ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಇಲ್ಲಿ ಮಸುಕಾಗಿದೆ.

2008ರ ಫೆಬ್ರುವರಿಯಲ್ಲಿ ಎಲ್‌ಜಿಟಿಯ ಹಳೆಯ ನೌಕರನೊಬ್ಬನಿಂದ ಜರ್ಮನಿಯ ಗುಪ್ತಚರ ಸಂಸ್ಥೆ ಕೊಂಡ ಗ್ರಾಹಕರ ಪಟ್ಟಿ ಹೊರಬಿತ್ತು. ತೆರಿಗೆ ಕದ್ದ ಜರ್ಮನ್ ಶ್ರೀಮಂತರ ಮನೆಗಳ ಮೇಲೆ ದಾಳಿಗಳಾದವು. ಗುಟ್ಟನ್ನೇ ಬಂಡವಾಳ ಮಾಡಿಕೊಂಡ ಕಾಲ ಮುಗಿಯಿತೆಂದು ವಾಡೂಜ್ ಅರಿತುಕೊಂಡಿತು. 2009ರ ಮಾರ್ಚ್ 12ರ ಘೋಷಣೆಯಲ್ಲಿ ತೆರಿಗೆ ಮಾಹಿತಿ ವಿನಿಮಯದ ಅಂತರರಾಷ್ಟ್ರೀಯ ಮಾನದಂಡವನ್ನು ಒಪ್ಪಿತು. 2011ರ ಡಿಸೆಂಬರ್‌ನಲ್ಲಿ ಷೆಂಗೆನ್ ವಲಯ, 2024ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಸೇರಿತು. ಐಸ್‌ಲ್ಯಾಂಡ್, ನಾರ್ವೆ, ಸ್ವಿಟ್ಜರ್ಲೆಂಡ್‌ಗಳ ಜೊತೆ ಅದೂ ಇರುವ ಇಎಫ್‌ಟಿಎ ಕೂಟ 2024ರ ಮಾರ್ಚ್ 10ರಂದು ದೆಹಲಿಯಲ್ಲಿ ಭಾರತದೊಂದಿಗೆ ಸಹಿ ಮಾಡಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಬರ್ನ್‌ನಲ್ಲಿರುವ ನಮ್ಮ ರಾಯಭಾರಿಯೇ ವಾಡೂಜ್‌ಗೂ ರಾಯಭಾರಿ.

ವಿಶ್ವಸಂಸ್ಥೆಯಲ್ಲಿ ಈ ದೇಶ ತನ್ನ ಗಾತ್ರವನ್ನು ಮೀರಿ ಕೆಲಸ ಮಾಡಿದೆ. 2002ರಿಂದ ನ್ಯೂಯಾರ್ಕ್‌ನಲ್ಲಿ ಅದರ ಕಾಯಂ ಪ್ರತಿನಿಧಿಯಾಗಿರುವ ಕ್ರಿಶ್ಚಿಯನ್ ವೆನವೇಸರ್ ಅವರ ಪಾತ್ರ ಅದರಲ್ಲಿ ದೊಡ್ಡದು. ಆಕ್ರಮಣವನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವ್ಯಾಪ್ತಿಗೆ ತಂದ 2010ರ ಕಂಪಾಲಾ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು ಅವರೇ. ಸಿರಿಯಾದ ಯುದ್ಧಾಪರಾಧಗಳ ಸಾಕ್ಷ್ಯ ಸಂಗ್ರಹಕ್ಕೆ 2016ರಲ್ಲಿ ವ್ಯವಸ್ಥೆ ಮಾಡಿದ ನಿರ್ಣಯದ ಹಿಂದೆಯೂ ಲಿಕ್ಟೆನ್‌ಸ್ಟೈನ್ ಇತ್ತು. 2022ರ ಏಪ್ರಿಲ್ 26ರಂದು ಅದರ ಮುಂದಾಳುತನದಲ್ಲಿ ಮಹಾಸಭೆ ಒಂದು ನಿರ್ಣಯ ಒಪ್ಪಿತು: ಭದ್ರತಾ ಮಂಡಳಿಯಲ್ಲಿ ಕಾಯಂ ಸದಸ್ಯನೊಬ್ಬ ವೀಟೊ ಚಲಾಯಿಸಿದರೆ, ಹತ್ತು ಕೆಲಸದ ದಿನಗಳೊಳಗೆ ಮಹಾಸಭೆ ಸೇರಿ ಅದನ್ನು ಚರ್ಚಿಸಬೇಕು. ನಿರ್ಣಯವನ್ನು ರೂಪಿಸಿದ ರೀತಿ ಭಾರತಕ್ಕೆ ಒಪ್ಪಿಗೆಯಾಗಿರಲಿಲ್ಲ. ಆದರೂ ಅದು ಕೆಲಸ ಮಾಡಿತು. ಉತ್ತರ ಕೊರಿಯಾದ ವಿಷಯದಲ್ಲಿ ಮೇ 26ರಂದು ವೀಟೊ ಚಲಾಯಿಸಿದ ರಷ್ಯಾ ಮತ್ತು ಚೀನಾ ಜೂನ್ 8ರಂದು ಮಹಾಸಭೆಯ ಮುಂದೆ ನಿಂತು ಕಾರಣ ಹೇಳಿದವು.

ಈ ನಿರ್ಣಯ ಯಾರ ವೀಟೊವನ್ನೂ ಕಿತ್ತುಕೊಳ್ಳುವುದಿಲ್ಲ. ಕಾರಣ ಹೇಳಿ ಎಂದಷ್ಟೇ ಕೇಳುತ್ತದೆ. ಇದೇ ನಿಯಮ ವಾಡೂಜ್‌ಗೂ ಬರಲಿ ಎಂಬುದು ನನ್ನ ವಾದ. ಅಂಕಿತ ನಿರಾಕರಿಸುವ ಹಕ್ಕು ಅರಸನಲ್ಲೇ ಇರಲಿ ಎಂದು ಜನ ಎರಡು ಬಾರಿ ಹೇಳಿದ್ದಾರೆ, ಇರಲಿ. ಆದರೆ ಆರು ತಿಂಗಳು ಸುಮ್ಮನಿದ್ದು ಮಸೂದೆಯನ್ನು ಸಾಯಿಸುವ ಬದಲು, ಲಾಂಡ್‌ಟಾಗ್‌ನ ಮುಂದೆ ಇಂಥ ಕಾರಣಕ್ಕೆ ಒಪ್ಪಲಾರೆ ಎಂದು ಲಿಖಿತವಾಗಿ ಹೇಳುವ, ಅದರ ಮೇಲೆ ಚರ್ಚೆ ನಡೆಯುವ ಕಟ್ಟಳೆ ಬಂದರೆ ಯಾರ ಪಾಲೂ ಕುಗ್ಗುವುದಿಲ್ಲ. ಇದಕ್ಕೂ ಅರಸನ ಅಂಕಿತ ಬೇಕು, ನಿಜ. ಐದು ಮಹಾಶಕ್ತಿಗಳಿಂದ ಉತ್ತರ ಕೇಳುವ ದೇಶದ ಅರಸುಮನೆತನ ಇದಕ್ಕೆ ಒಲ್ಲೆ ಎನ್ನುವುದು ಸುಲಭವಲ್ಲ.

ಕಾರಣ ಕೇಳುವುದಕ್ಕೆ ಲಾಂಡ್‌ಟಾಗ್ ಒಂದೇ ಸಾಲದು, ಪತ್ರಿಕೆಗಳೂ ಬೇಕು. 1878ರಲ್ಲಿ ಶುರುವಾದ ಫೋಕ್ಸ್‌ಬ್ಲಾಟ್ ದಿನಪತ್ರಿಕೆ 2023ರ ಮಾರ್ಚ್‌ನಲ್ಲಿ ನಿಂತುಹೋಯಿತು. ದೇಶದ ರೇಡಿಯೊಗೆ ಸಿಗುತ್ತಿದ್ದ ಸರ್ಕಾರಿ ಆಸರೆಯನ್ನು 2024ರ ಅಕ್ಟೋಬರ್ 27ರಂದು ಮತದಾರರೇ ತೆಗೆದುಹಾಕಿದರು. 2025ರ ಏಪ್ರಿಲ್‌ನಲ್ಲಿ ಅದೂ ಮುಚ್ಚಿತು. ಈಗ ಲಿಕ್ಟೆನ್‌ಸ್ಟೈನ್‌ನಲ್ಲಿ ಉಳಿದಿರುವುದು ಫಾಟರ್‌ಲಾಂಡ್ ಎಂಬ ಒಂದೇ ದಿನಪತ್ರಿಕೆ; ಅದು ಹುಟ್ಟಿ ಬೆಳೆದದ್ದು ಈಗ ಪ್ರಧಾನಿ ಸ್ಥಾನ ಹಿಡಿದಿರುವ ಪಕ್ಷದ ಪಾಳಯದಲ್ಲಿ.